ಒಂದೇ ತೂಕ, ಎರಡು ದೇಹ

ತೂಕದ ಯಂತ್ರದಲ್ಲಿ 84 ಕೆಜಿ ಎಂಬ ಅಂಕಿಯನ್ನು ನಾನು ಎರಡು ಸಲ ನೋಡಿದ್ದೇನೆ. ಮೊದಲ ಸಲ, ತೂಕ ಇಳಿಸಬೇಕು ಅಂತ ಹೊರಟ ದಿನ. ಎರಡನೇ ಸಲ, ಇಳಿಸಿದ್ದೆಲ್ಲ ಮತ್ತೆ ಏರಿದ ದಿನ. ನಡುವೆ ಒಂದೂವರೆ ವರ್ಷ ಕಳೆದಿತ್ತು. ಅಂಕಿ ಅದೇ, ಆದರೆ ಮೊದಲು ಸರಿಯಾಗಿ ಆಗುತ್ತಿದ್ದ ಪ್ಯಾಂಟಿನ ಗುಂಡಿ ಈಗ ಹಾಕಲು ಬರುತ್ತಿರಲಿಲ್ಲ.

ಇದು ನನ್ನನ್ನು ತುಂಬಾ ದಿನ ಕಾಡಿತು. ತೂಕ ಅಷ್ಟೇ ಇದ್ದರೆ ಹೊಟ್ಟೆ ಹೇಗೆ ಜಾಸ್ತಿಯಾಯಿತು?

ಮೊದಲ ಸಲ ನಾನು ಮಾಡಿದ್ದು ಅರೆಹೊಟ್ಟೆ. ಒಂದು ಊಟ ಪೂರ್ತಿ ಬಿಟ್ಟೆ, ಉಳಿದದ್ದನ್ನು ಅರ್ಧ ಮಾಡಿದೆ. ವ್ಯಾಯಾಮ ಏನೂ ಇಲ್ಲ. ಮೂರು ತಿಂಗಳಲ್ಲಿ 9 ಕೆಜಿ ಇಳಿಯಿತು. ಎಲ್ಲರೂ ಹೊಗಳಿದರು. ಆದರೆ ಮೂರನೇ ಮಹಡಿಗೆ ಒಂದು ಚೀಲ ಹೊತ್ತು ಹತ್ತಲು ಕಾಲು ನಡುಗುತ್ತಿತ್ತು. ನೆಲದಿಂದ ಏಳಬೇಕಾದರೆ ಕೈ ಊರಬೇಕಾಗುತ್ತಿತ್ತು. ಕೂದಲೂ ಉದುರಿತು. ಇಳಿದದ್ದರಲ್ಲಿ ಕೊಬ್ಬು ಮಾತ್ರ ಇರಲಿಲ್ಲ, ಸ್ನಾಯುವೂ ಇತ್ತು. ಹಸಿವು ತಡೆಯಲಾರದೆ ಹಳೇ ಊಟಕ್ಕೆ ಮರಳಿದಾಗ ತೂಕ ವಾಪಸ್ ಬಂತು. ಹಾಗೆ ಬಂದದ್ದು ಬಹುತೇಕ ಕೊಬ್ಬು. ಸ್ನಾಯು ಸುಮ್ನೆ ಉಂಡರೆ ಬರುವುದಿಲ್ಲ, ಅದಕ್ಕೆ ಕೆಲಸ ಕೊಡಬೇಕು. ಹಾಗಾಗಿ ಎರಡನೇ 84 ಕೆಜಿಯಲ್ಲಿ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ.

ಆಗ ರಕ್ತ ಪರೀಕ್ಷೆ ಮಾಡಿಸಿದೆ. ಹಿಂದಿನ ಮೂರು ತಿಂಗಳ ಶುಗರ್ ಹೇಗಿತ್ತು ಎಂದು ಹೇಳುವ ಎಚ್‌ಬಿಎ1ಸಿ 6.2 ಬಂತು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿದ್ದೇವೆ ಅಂತ. ಬಿಪಿ 142/92. ಲಿವರ್‌ನಲ್ಲೂ ಕೊಬ್ಬು ಸೇರಿತ್ತು. ಡಾಕ್ಟರ್ ನನ್ನ ತೂಕಕ್ಕಿಂತ ಮೊದಲು ಸೊಂಟದ ಅಳತೆ ಕೇಳಿದರು. ನನಗೆ ಗೊತ್ತೇ ಇರಲಿಲ್ಲ. ಅವರೇ ಟೇಪ್ ಹಿಡಿದು ನೋಡಿದರು: 102 ಸೆಂ.ಮೀ.

ತೊಡೆಯಲ್ಲೋ ತೋಳಿನಲ್ಲೋ ಚರ್ಮದ ಕೆಳಗೆ ಕೂತ ಕೊಬ್ಬು ಅಷ್ಟು ತೊಂದರೆ ಕೊಡುವುದಿಲ್ಲ. ಹೊಟ್ಟೆಯೊಳಗೆ, ಲಿವರ್ ಮತ್ತು ಕರುಳಿನ ಸುತ್ತ ಸೇರುವ ಕೊಬ್ಬು ಇನ್ಸುಲಿನ್ನಿನ ಕೆಲಸವನ್ನೇ ಕೆಡಿಸುತ್ತದೆ, ಬಿಪಿ ಏರಿಸುತ್ತದೆ. ತೂಕದ ಯಂತ್ರಕ್ಕೆ ಈ ಎರಡರ ವ್ಯತ್ಯಾಸ ತಿಳಿಯದು. ಬಿಎಂಐಗೂ ತಿಳಿಯದು. ಕೆಜಿಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವ ಈ ಲೆಕ್ಕವನ್ನು 19ನೇ ಶತಮಾನದಲ್ಲಿ ಕೊಟ್ಟ ಅಡಾಲ್ಫ್ ಕೆಟ್ಲೆ ಡಾಕ್ಟರ್ ಅಲ್ಲ, ಜನಸಮೂಹದ ಸರಾಸರಿಗಳನ್ನು ಹುಡುಕುತ್ತಿದ್ದ ಸಂಖ್ಯಾಶಾಸ್ತ್ರಜ್ಞ. ದೊಡ್ಡ ಗುಂಪಿಗೆ ಅದು ಉಪಯೋಗಕ್ಕೆ ಬರುತ್ತದೆ. ಒಬ್ಬೊಬ್ಬರ ವಿಷಯಕ್ಕೆ ಬಂದರೆ ಅದೊಂದೇ ಸಾಲದು. ನನ್ನ ಜೊತೆ ಕೆಲಸ ಮಾಡುವವರೊಬ್ಬರು ತೆಳ್ಳಗಿದ್ದಾರೆ, ಬಿಎಂಐ ಸರಿಯಾಗಿದೆ, ಆದರೂ ಮಧುಮೇಹ ಇದೆ.

ಹಾಗಂತ ತೂಕ ಲೆಕ್ಕಕ್ಕೇ ಇಲ್ಲ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನ ಇದ್ದರು. ಅವರಲ್ಲಿ ಒಂದು ಗುಂಪಿಗೆ ಕೊಟ್ಟ ಗುರಿ ಇಷ್ಟೇ: ತೂಕದಲ್ಲಿ ಶೇ 7ರಷ್ಟು ಇಳಿಸುವುದು, ವಾರಕ್ಕೆ 150 ನಿಮಿಷ ವ್ಯಾಯಾಮ ಮಾಡುವುದು. ಆ ಗುಂಪಿನಲ್ಲಿ ಮಧುಮೇಹ ಬರುವುದು ಶೇ 58ರಷ್ಟು ಕಡಿಮೆಯಾಯಿತು. ನನ್ನ ಮಟ್ಟಿಗೆ ಶೇ 7 ಅಂದರೆ ಸುಮಾರು 6 ಕೆಜಿ. ಹಿಂದಿನ ಸಲ 20 ಕೆಜಿ ಇಳಿಸುತ್ತೇನೆ ಅಂತ ಹೊರಟಿದ್ದೆ. ಈ ಸಲ ಆರೇ ಸಾಕು ಅಂದುಕೊಂಡಾಗ ಮನಸ್ಸು ಎಷ್ಟೋ ಹಗುರವಾಯಿತು.

ಊಟ ಯಾವುದನ್ನೂ ಬಿಡಲಿಲ್ಲ. ತಟ್ಟೆಯ ಅರ್ಧ ತರಕಾರಿ, ಪ್ರತಿ ಊಟದಲ್ಲೂ ಪ್ರೋಟೀನ್, ಸಿಹಿ ಪಾನೀಯ ಬಂದ್. ವಾರಕ್ಕೆ ಐದು ದಿನ ಅರ್ಧ ಗಂಟೆ ಚುರುಕಾಗಿ ನಡಿಗೆ. ಇವೆಲ್ಲ ಎಲ್ಲರಿಗೂ ಗೊತ್ತಿರುವುದೇ. ನನಗೆ ಹೊಸದಾಗಿದ್ದು ಸ್ನಾಯುವಿನ ಕೆಲಸ. ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು. ಮೊದಲ ದಿನ ಕುರ್ಚಿಯಿಂದ ಎಂಟು ಸಲ ಎದ್ದೆ, ಅಷ್ಟಕ್ಕೇ ತೊಡೆ ಹಿಡಿದುಕೊಂಡಿತು. ಆರು ತಿಂಗಳ ಮೇಲೆ ಇಪ್ಪತ್ತೈದು ಸಲ ಎದ್ದು ಕೂತರೂ ಮಾತಾಡುವಷ್ಟು ಉಸಿರು ಉಳಿಯುತ್ತಿತ್ತು. ಆ ದಿನದ ಖುಷಿ 9 ಕೆಜಿ ಇಳಿದಾಗಲೂ ಆಗಿರಲಿಲ್ಲ.

ತೂಕ ನೋಡುವುದನ್ನು ವಾರಕ್ಕೊಮ್ಮೆ ಮಾಡಿಕೊಂಡೆ. ಉಪ್ಪು ಜಾಸ್ತಿ ತಿಂದರೂ ಮರುದಿನ ನೀರು ನಿಂತು ಒಂದು ಕೆಜಿ ಏರಬಹುದು, ಅದು ಕೊಬ್ಬಲ್ಲ. ದಿನಾ ನೋಡುತ್ತಿದ್ದಾಗ ಅದಕ್ಕೇ ಬೇಜಾರಾಗಿ ಎಷ್ಟೋ ಸಲ ಕೈಬಿಟ್ಟಿದ್ದೆ. ಸೊಂಟದ ಅಳತೆ ತಿಂಗಳಿಗೊಮ್ಮೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪ್ ಸುತ್ತಿ, ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳೆದುಕೊಳ್ಳದೆ ನೋಡಬೇಕು.

ನಾಲ್ಕನೇ ತಿಂಗಳಲ್ಲಿ ಐದು ವಾರ ತೂಕ ಅಲ್ಲಾಡಲೇ ಇಲ್ಲ. ಆದರೆ ಟೇಪ್ ಅದೇ ಹೊತ್ತಿನಲ್ಲಿ 2 ಸೆಂ.ಮೀ. ಕಡಿಮೆ ತೋರಿಸಿತು. ಟೇಪ್ ಇರದಿದ್ದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದೆ ಅನಿಸುತ್ತದೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಏನೂ ಮಾಡದೆ ತಾನಾಗಿ ತೂಕ ಇಳಿಯುತ್ತಿದ್ದರೆ ಖುಷಿಪಡಬೇಡಿ, ಡಾಕ್ಟರ್ ಹತ್ತಿರ ಹೋಗಿ. ಕಾಯಿಲೆಯ ಸೂಚನೆಯಾಗಿರಬಹುದು.

ಹತ್ತು ತಿಂಗಳಾದ ಮೇಲೆ ತೂಕ 78 ಕೆಜಿ, ಸೊಂಟ 93 ಸೆಂ.ಮೀ. ಎಚ್‌ಬಿಎ1ಸಿ 5.6, ಬಿಪಿ 128/82. ಗೊರಕೆ ನಿಂತಿದೆ ಅಂತ ಮನೆಯವರು ಹೇಳಿದ ಮೇಲೇ ಗೊತ್ತಾಯಿತು. ಮೆಟ್ಟಿಲು ಇಳಿಯುವಾಗ ಮಂಡಿ ಚುಚ್ಚುವುದಿಲ್ಲ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು ನಾಲ್ಕು ಕೆಜಿ ಭಾರ ಕಡಿಮೆಯಾಗುತ್ತದೆ ಎಂಬುದು ಅಳೆದು ನೋಡಿದ ಲೆಕ್ಕ. ನನ್ನ ಮಂಡಿಗೆ ಆ ಆರು ಕೆಜಿ ಎಷ್ಟು ದೊಡ್ಡದು ಅಲ್ವಾ?

ಬಿಎಂಐ ಪಟ್ಟಿಯಲ್ಲಿ ನಾನು ಈಗಲೂ 27, ಅಂದರೆ ಅಧಿಕ ತೂಕದವರ ಸಾಲಿನಲ್ಲೇ ಇದ್ದೇನೆ. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು ಅನ್ನುತ್ತಾರೆ. ನನ್ನ ಎತ್ತರ 170 ಸೆಂ.ಮೀ., ಹಾಗಾಗಿ ಟೇಪಿನಲ್ಲಿ ಇನ್ನೂ ಎಂಟು ಸೆಂ.ಮೀ. ಬಾಕಿ ಇದೆ. ಕುರ್ಚಿಯ ಲೆಕ್ಕವನ್ನು ಈ ವಾರದಿಂದ ಮೂವತ್ತಕ್ಕೆ ಏರಿಸಿದ್ದೇನೆ.