ಚಳಿಯಲ್ಲಿ ಡೀಸೆಲ್ ಟ್ರಕ್‌ನ ಚೆಕ್ ಎಂಜಿನ್ ದೀಪ ಉರಿದರೆ

ಹಳದಿ ದೀಪ ಉರಿದರೂ ಗಾಡಿ ಎಂದಿನಂತೆ ಎಳೆಯುತ್ತಿದ್ದರೆ ಗಾಬರಿ ಬೇಡ. ಆಯಿಲ್ ಪ್ರೆಶರ್‌ನ ಕೆಂಪು ದೀಪವೂ ಹತ್ತಿದರೆ ಆ ಕ್ಷಣವೇ ಎಂಜಿನ್ ನಿಲ್ಲಿಸಿ.

ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿ ದೋಷದ ಕೋಡ್ ಬರೆದುಕೊಳ್ಳಿ. ಅಳಿಸುವ ಆತುರ ಬೇಡ. ಅಳಿಸಿದರೆ ದೋಷ ಕಂಡಾಗ ದಾಖಲಾದ ತಾಪಮಾನ, ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಕೂಡ ಹೋಗುತ್ತವೆ. ಆಮೇಲೆ ಬ್ಯಾಟರಿ ನೋಡಿ. ರಾತ್ರಿಯಿಡೀ ನಿಂತ 12 ವೋಲ್ಟ್ ಬ್ಯಾಟರಿ ಸುಮಾರು 12.6 ತೋರಿಸಬೇಕು. ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗಿಳಿದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಕೋಡ್‌ಗಳು ಒಟ್ಟಿಗೆ ಬೀಳಬಹುದು. ಅವನ್ನು ನಂಬಿ ಸೆನ್ಸರ್ ಬದಲಿಸಿದರೆ ದುಡ್ಡು ದಂಡ.

ಪಿ0380 ಅಥವಾ ಪಿ0671ರ ಸಾಲಿನ ಕೋಡ್ ಬಂದರೆ ಗ್ಲೋ ಪ್ಲಗ್ (ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲು ಸಿಲಿಂಡರ್ ಬಿಸಿ ಮಾಡುವ ಭಾಗ) ಪರೀಕ್ಷಿಸಿ. ಅದರ ವೈರ್ ಕಳಚಿ, ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಪ್ಲಗ್‌ನ ತುದಿಗೂ ಇನ್ನೊಂದನ್ನು ಎಂಜಿನ್ ಬ್ಲಾಕಿಗೂ ಹಿಡಿಯಿರಿ. ಸಾಮಾನ್ಯವಾಗಿ 0.5ರಿಂದ 2 ಓಮ್ ಇರುತ್ತದೆ; 'ಓಎಲ್' (ಒಳಗಿನ ಸಂಪರ್ಕ ಕಡಿದಿದೆ) ಎಂದು ಬಂದರೆ ಪ್ಲಗ್ ಸುಟ್ಟಿದೆ. ಎಲ್ಲ ಪ್ಲಗ್‌ಗಳೂ ಸರಿಯಿದ್ದರೆ ಅವುಗಳ ಫ್ಯೂಸ್, ರಿಲೇ ನೋಡಿ. ಪ್ಲಗ್ ಬಿಚ್ಚುವಾಗ ಎಂಜಿನ್ ಬೆಚ್ಚಗಿರಲಿ. ತಣ್ಣಗಿದ್ದಾಗ ಬಲ ಹಾಕಿದರೆ ಎಂಜಿನ್ ಹೆಡ್‌ನೊಳಗೇ ಮುರಿದು ಕೂರುತ್ತದೆ, ಆಮೇಲಿನ ಕೆಲಸ ಯಾರಿಗೂ ಬೇಡ.

ಪಿ0087 ಅಂದರೆ ಫ್ಯೂಯೆಲ್ ರೈಲ್‌ನಲ್ಲಿ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆ) ಒತ್ತಡ ಸಾಲದು. ಚಳಿಗೆ ಡೀಸೆಲ್‌ನೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ: ಗಾಡಿ ಸ್ಟಾರ್ಟ್ ಆಗುತ್ತದೆ, ಆದರೆ ಏರಿನಲ್ಲಿ ಎಳೆಯದೆ ಸೋಲುತ್ತದೆ. ಫಿಲ್ಟರ್ ತಳದ ನೀರು ಬಸಿದು, ಹೊಸ ಫಿಲ್ಟರ್ ಹಾಕಿ, ಚಳಿಗಾಲದ ಡೀಸೆಲ್ ತುಂಬಿಸಿ. ಮೇಣ ತಡೆಯುವ ದ್ರವವನ್ನು ಡೀಸೆಲ್ ಮಬ್ಬಾಗುವ ಮೊದಲೇ ಬೆರೆಸಬೇಕು.

ಡಿಇಎಫ್ (ಹೊಗೆ ಶುದ್ಧಗೊಳಿಸಲು ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರವ) ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟುವುದು ಸಹಜ, ಅದು ದೋಷವಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಓಡಿದ ಮೇಲೂ ಡಿಇಎಫ್‌ನ ಕೋಡ್ ಉಳಿದರೆ ಅದರ ಟ್ಯಾಂಕಿನ ಹೀಟರ್ ಮೇಲೆ ಅನುಮಾನಪಡಿ.