ಒಂಬತ್ತು ನಿಮಿಷಕ್ಕೊಂದು ಗುಟುಕು

ಯೆಹೂದಿಗಳ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್ ಉಪವಾಸಕ್ಕೆ ಬದಲಿ ದಿನ ಇಲ್ಲ. ರಂಜಾನ್‌ನಲ್ಲಾದರೆ ಬಸುರಿಗೆ ಉಪವಾಸ ಬಿಟ್ಟು ಮುಂದೆ ತೀರಿಸಿಕೊಳ್ಳುವ ಅವಕಾಶವಿದೆ. ನಾನು ಬೆಳೆದ ಹುಬ್ಬಳ್ಳಿಯ ಓಣಿಯಲ್ಲಿ ಏಕಾದಶಿಗೆ ಹನಿ ನೀರನ್ನೂ ಮುಟ್ಟದ ಅಜ್ಜಿಯರೇ ಬಸುರಿ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು ಉಣ್ಣಿಸುತ್ತಿದ್ದರು. ಯೆಹೂದಿಗಳಾದ ನಮ್ಮಲ್ಲಿ ಹಾಗಲ್ಲ. ಹದಿನಾರನೆಯ ಶತಮಾನದ ಧರ್ಮಸಂಹಿತೆ ‘ಶುಲ್ಖಾನ್ ಅರೂಖ್’ ಗರ್ಭಿಣಿಯರೂ ಹಾಲುಣಿಸುವ ತಾಯಂದಿರೂ ಆ ದಿನ ಎಲ್ಲರಂತೆ ಪೂರ್ತಿ ಉಪವಾಸ ಮಾಡಬೇಕು ಎನ್ನುತ್ತದೆ. ಜೀವಕ್ಕೆ ಅಪಾಯವಿದ್ದರೆ ಉಪವಾಸ ಮಾಡುವುದೇ ಪಾಪ ಎನ್ನುವುದೂ ಅದೇ ಶಾಸ್ತ್ರ. ಇವೆರಡರ ನಡುವೆ ಸಣ್ಣದೊಂದು ದಾರಿಯಿದೆ. ಎರಡು ಬಸಿರುಗಳಲ್ಲಿ ಎರಡು ಬಗೆಯಾಗಿ ಯೋಮ್ ಕಿಪ್ಪುರ್ ಆಚರಿಸಿದವಳಾಗಿ ಆ ದಾರಿಯ ಬಗ್ಗೆ ಬರೆಯುತ್ತಿದ್ದೇನೆ.

ನಾವು ಬೆನೆ ಇಸ್ರಾಯೇಲಿಗಳು, ಕೊಂಕಣ ಕರಾವಳಿಯ ಯೆಹೂದಿಗಳು. ಅಜ್ಜ ರೈಲ್ವೆ ನೌಕರಿಗೆಂದು ಹುಬ್ಬಳ್ಳಿಗೆ ಬಂದವರು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಈಗ ಇಸ್ರೇಲಿನ ಬೇರ್ಷೆಬಾದಲ್ಲಿ ಹೀಬ್ರೂ. ಆಯಿ, ಅಂದರೆ ನನ್ನ ಅಮ್ಮ, ಇಂದಿಗೂ ಯೋಮ್ ಕಿಪ್ಪುರ್ ಅನ್ನು ‘ದರ್ಫಾಳ್ಣಿಚಾ ಸಣ್’, ಅಂದರೆ ಬಾಗಿಲು ಮುಚ್ಚುವ ಹಬ್ಬ, ಎಂದೇ ಕರೆಯುತ್ತಾಳೆ. ಹುಬ್ಬಳ್ಳಿಯಲ್ಲಿ ಅಂದು ಸಂಜೆ ಬಿಳಿ ಬಟ್ಟೆ ಉಟ್ಟು ಬಾಗಿಲು ಹಾಕಿದರೆ ಮರುದಿನ ನಕ್ಷತ್ರ ಕಾಣುವವರೆಗೂ ತೆಗೆಯುತ್ತಿರಲಿಲ್ಲ. ಇಪ್ಪತ್ತೈದು ಗಂಟೆ ಅನ್ನವಿಲ್ಲ, ನೀರಿಲ್ಲ, ಸ್ನಾನವಿಲ್ಲ, ಮೈಗೆ ಎಣ್ಣೆಯಿಲ್ಲ, ಕಾಲಿಗೆ ಚರ್ಮದ ಚಪ್ಪಲಿಯಿಲ್ಲ. ಆಯಿ ತನ್ನ ಎಲ್ಲ ಬಸಿರುಗಳಲ್ಲೂ ಹೀಗೇ ಮಾಡಿದ್ದಳು. ಯಾರನ್ನೂ ಕೇಳಲಿಲ್ಲ, ಕೇಳಲು ಹತ್ತಿರದಲ್ಲಿ ನಮ್ಮ ಧರ್ಮಗುರು ರಬ್ಬಿಯೂ ಇರಲಿಲ್ಲ.

ನನ್ನ ಮೊದಲ ಬಸಿರು 2018ರಲ್ಲಿ. ಆ ವರ್ಷ ಹಬ್ಬ ಸೆಪ್ಟೆಂಬರ್ 18ರ ಸಂಜೆ ಶುರುವಾಯಿತು. ನನಗೆ 22ನೇ ವಾರ. ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್ ಎಲ್ಲವೂ ಸರಿಯಾಗಿದ್ದವು, ಒಂದೇ ಮಗು, ರಕ್ತಸ್ರಾವವಾಗಲಿ ನಿಲ್ಲದ ವಾಂತಿಯಾಗಲಿ ಇರಲಿಲ್ಲ. ವೈದ್ಯರು ಬೇಡವೆನ್ನಲಿಲ್ಲ. ಪೂರ್ತಿ ಉಪವಾಸ ಮಾಡಿದೆ.

ಅದರಲ್ಲಿ ಹೇಳಬೇಕಾದದ್ದು ಉಪವಾಸದ ದಿನಕ್ಕಿಂತ ಅದರ ಹಿಂದಿನ ವಾರದ ಬಗ್ಗೆ. ಉಪವಾಸದ ತಲೆನೋವಿನಲ್ಲಿ ಒಂದು ಪಾಲು ಕಾಫಿಯದು. ಹುಬ್ಬಳ್ಳಿಯವಳಿಗೆ ಚಹಾದ್ದೂ ಸೇರಿಸಿಕೊಳ್ಳಿ. ದಿನಕ್ಕಿಷ್ಟು ಎಂದು ಇಳಿಸುತ್ತಾ ಬಂದು ಹಬ್ಬದ ಹೊತ್ತಿಗೆ ಎರಡನ್ನೂ ಬಿಟ್ಟಿದ್ದೆ. ನೀರನ್ನು ಕೊನೆಯ ಗಂಟೆಯಲ್ಲಿ ಚೊಂಬುಗಟ್ಟಲೆ ಸುರಿದುಕೊಂಡರೆ ಬಚ್ಚಲಿಗೆ ಓಡಾಡುವುದಷ್ಟೇ ಲಾಭ. ಎರಡು ಮೂರು ದಿನ ಮೊದಲಿನಿಂದ ಇಡೀ ದಿನ ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕು. ಉಪವಾಸದ ಮುನ್ನಾದಿನ ಚೆನ್ನಾಗಿ ಉಣ್ಣುವುದು ನಮ್ಮಲ್ಲಿ ಪುಣ್ಯದ ಕೆಲಸ. ಹಬ್ಬ ಬರುವ ತಿಂಗಳ ಒಂಬತ್ತನೆಯ ದಿನ, ಅಂದರೆ ಆ ಮುನ್ನಾದಿನ, ಉಂಡವನಿಗೆ ಒಂಬತ್ತು, ಹತ್ತು ಎರಡೂ ದಿನ ಉಪವಾಸ ಮಾಡಿದ ಫಲವೆಂದು ನಮ್ಮ ಪ್ರಾಚೀನ ಶಾಸ್ತ್ರಗ್ರಂಥ ತಾಲ್ಮುದ್ ಹೇಳುತ್ತದೆ. ಆಯಿ ಈ ಮಾತನ್ನು ಅಕ್ಷರಶಃ ಪಾಲಿಸುತ್ತಾಳೆ. ಅನ್ನ, ಆಲೂಗಡ್ಡೆ, ಬೇಯಿಸಿದ ಕೋಳಿ, ಕಲ್ಲಂಗಡಿ ಎಲ್ಲ ಇರಲಿ. ಉಪ್ಪಿನಕಾಯಿ, ಹಪ್ಪಳ ಮಾತ್ರ ಆ ದಿನ ಡಬ್ಬಿಯಲ್ಲೇ ಇರಲಿ.

ನಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ಹೋಗಲಿಲ್ಲ. ನಡೆದು ಹೋಗಿ, ನಿಂತು ಪ್ರಾರ್ಥಿಸಿ, ಬಿಸಿಲಲ್ಲಿ ಬಳಲಿ ಕೊನೆಗೆ ಉಪವಾಸ ಮುರಿಯುವುದಕ್ಕಿಂತ ಮನೆಯಲ್ಲಿ ಮಲಗಿ ಉಪವಾಸ ಪೂರೈಸುವುದೇ ಮೇಲು ಎಂದು ರಬ್ಬಿಯವರು ಮೊದಲೇ ಹೇಳಿದ್ದರು. ಹವಾನಿಯಂತ್ರಕವನ್ನು ಹಬ್ಬಕ್ಕೆ ಮುಂಚೆಯೇ ಹಾಕಿಟ್ಟು ಕತ್ತಲೆಯ ಕೋಣೆಯಲ್ಲಿ ಮಲಗಿದ್ದೆ. ಸಂಜೆಯ ಹೊತ್ತಿಗೆ ನಾಲಿಗೆ ಒಣಗಿತ್ತು, ತಲೆ ಭಾರವಾಗಿತ್ತು. ಅಷ್ಟೇ.

2022ರ ಬಸಿರು ಬೇರೆಯೇ ಆಗಿತ್ತು. ಅಗಸ್ಟ್‌ನ ತಿಶಾ ಬಆವ್ ಎಂಬ ಶೋಕದಿನದ ಉಪವಾಸದ ಹೊತ್ತಿಗೇ ನಿತ್ರಾಣವಿತ್ತು. ಆ ವರ್ಷ ಆ ದಿನ ಶನಿವಾರದ ಶಬ್ಬಾತಿನಂದು ಬಿದ್ದದ್ದರಿಂದ ಉಪವಾಸ ಭಾನುವಾರಕ್ಕೆ ಸರಿದಿತ್ತು, ಹೀಗೆ ಮುಂದೆ ಹೋದ ಉಪವಾಸದಲ್ಲಿ ಬಸುರಿಯರಿಗೆ ಬಹಳ ಸಡಿಲಿಕೆ ಇದೆ. ಆರಾಮಾಗಿ ಉಂಡೆ. ಯೋಮ್ ಕಿಪ್ಪುರ್‌ಗೆ ಆ ಸಡಿಲಿಕೆ ಇಲ್ಲ. ಅದು ಅಕ್ಟೋಬರ್ 4ರ ಸಂಜೆ. ನನಗೆ 31ನೇ ವಾರ. ಅದಕ್ಕೂ ಸ್ವಲ್ಪ ಮುಂಚೆ, ಬಿಸಿಲಲ್ಲಿ ಓಡಾಡಿದ ಒಂದು ದಿನ, ಹೊಟ್ಟೆ ಬಿಗಿಯತೊಡಗಿ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಮೇಲೆ ಇಳಿಯಿತು. ಗರ್ಭಕೊರಳು ಮುಚ್ಚಿಯೇ ಇತ್ತು. ದೇಹದಲ್ಲಿ ನೀರು ಕಡಿಮೆಯಾದರೆ ಗರ್ಭಕೋಶ ಕೆರಳುತ್ತದೆ, ಬಸಿರಿನ ಕೊನೆಯ ತಿಂಗಳುಗಳಲ್ಲಿ ಹೊಟ್ಟೆ ಖಾಲಿಯಿದ್ದರೆ ದೇಹ ಬೇಗನೆ ಕೊಬ್ಬು ಕರಗಿಸಲು ತೊಡಗುತ್ತದೆ ಎಂದು ವೈದ್ಯೆ ವಿವರಿಸಿದರು. ನಮ್ಮೂರಿನ ಸೊರೋಕಾ ಆಸ್ಪತ್ರೆಯ ಹೆರಿಗೆ ದಾಖಲೆಗಳನ್ನಿಟ್ಟುಕೊಂಡು ನಡೆಸಿದ ಅಧ್ಯಯನದಲ್ಲಿ ಯೋಮ್ ಕಿಪ್ಪುರ್ ಉಪವಾಸಕ್ಕೂ ಅವಧಿಗೆ ಮುಂಚಿನ ಹೆರಿಗೆಗೂ ನಂಟು ಕಂಡಿರುವುದನ್ನೂ ಹೇಳಿದರು. “ನೀರಿಲ್ಲದೆ ಮಾತ್ರ ಇರಬೇಡಿ” ಎಂಬುದು ಅವರ ಕೊನೆಯ ಮಾತು.

ಹಬ್ಬಕ್ಕೆ ಒಂದು ವಾರ ಮುಂಚೆ ರಬ್ಬಿಯವರ ಬಳಿಗೆ ಹೋದೆವು. ಹಬ್ಬದ ದಿನ ಮಧ್ಯಾಹ್ನ, ಬಾಯಿ ಒಣಗಿ ತಲೆ ಸುತ್ತುವಾಗ ತೆಗೆದುಕೊಳ್ಳುವ ತೀರ್ಮಾನ ಶಾಸ್ತ್ರಕ್ಕೂ ಒಳ್ಳೆಯದಲ್ಲ, ಮಗುವಿಗೂ ಒಳ್ಳೆಯದಲ್ಲ. ಅವರು ಕೇಳಿದ ಪ್ರಶ್ನೆಗಳು ವೈದ್ಯರ ಪ್ರಶ್ನೆಗಳಂತೆಯೇ ಇದ್ದವು: ಎಷ್ಟನೇ ವಾರ, ಹಿಂದಿನ ಹೆರಿಗೆ ಹೇಗಾಯಿತು, ನೋವು ಗಂಟೆಗೆ ಎಷ್ಟು ಸಲ ಬಂದಿತ್ತು. ಆಮೇಲೆ, “ವೈದ್ಯರು ಉಪವಾಸ ಮಾಡದಿದ್ದರೆ ಒಳ್ಳೆಯದು ಎಂದರೋ, ಮಾಡಲೇಬಾರದು ಎಂದರೋ?” ಎಂದು ಕೇಳಿದರು. ನಾನು ತಡವರಿಸಿದೆ. ಅವರು ವೈದ್ಯೆಯ ನಂಬರ್ ಪಡೆದು ಅಲ್ಲಿಂದಲೇ ಫೋನ್ ಮಾಡಿದರು. ಈ ಎರಡು ಮಾತುಗಳ ನಡುವಿನ ವ್ಯತ್ಯಾಸದ ಮೇಲೆಯೇ ಇಡೀ ತೀರ್ಪು ನಿಂತಿರುತ್ತದೆ, ಆದ್ದರಿಂದ ವೈದ್ಯರ ಬಾಯಿಂದ ಅದನ್ನು ಸ್ಪಷ್ಟವಾಗಿ ಹೇಳಿಸಿಕೊಂಡೇ ಬನ್ನಿ.

ತೀರ್ಪು ಹೀಗಿತ್ತು: ರಾತ್ರಿ ನಿದ್ದೆಯಲ್ಲಿ ಕಳೆಯುವುದರಿಂದ ವೈದ್ಯೆಯ ಅಡ್ಡಿಯಿಲ್ಲ, ಎಲ್ಲರಂತೆ ಉಪವಾಸ. ಬೆಳಿಗ್ಗೆ ಎದ್ದೊಡನೆ, ಬಾಯಾರಿಕೆಗೆ ಕಾಯದೆ, ‘ಶಿಯೂರಿಮ್’ ಪ್ರಕಾರ ಕುಡಿಯಬೇಕು. ಶಿಯೂರಿಮ್ ಎಂದರೆ ಅಳತೆಗಳು. ಶಾಸ್ತ್ರದ ಲೆಕ್ಕದಲ್ಲಿ ಈ ದಿನ ಒಂದು ಕೆನ್ನೆ ತುಂಬುವಷ್ಟು ದ್ರವ, ಅಥವಾ ಒಂದು ದೊಡ್ಡ ಖರ್ಜೂರದಷ್ಟು ಆಹಾರ, ಒಂದೇ ಹೊತ್ತಿನಲ್ಲಿ ಒಳಗೆ ಹೋದರೆ ಮಾತ್ರ ಪೂರ್ಣ ಅಪರಾಧ. ಅದಕ್ಕಿಂತ ಕಡಿಮೆ ತೆಗೆದುಕೊಂಡು ಒಂಬತ್ತು ನಿಮಿಷ ಬಿಟ್ಟರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಆರೋಗ್ಯವಂತರಿಗೆ ಇದೂ ನಿಷಿದ್ಧವೇ. ರೋಗಿಗೆ, ನನ್ನಂಥವಳಿಗೆ, ಇದು ದಾರಿ. ದ್ರವದಿಂದಲೇ ಸಾಕಾದರೆ ಊಟ ಬೇಡ, ಸಾಕಾಗದಿದ್ದರೆ ಊಟವೂ ಅಳತೆಯಲ್ಲಿ. ನೋವು ಗಂಟೆಗೆ ನಾಲ್ಕಕ್ಕಿಂತ ಹೆಚ್ಚು ಸಲ ಬಂದರೆ, ನೀರೊಡೆದರೆ, ರಕ್ತ ಕಂಡರೆ, ಮಗುವಿನ ಚಲನೆ ಕಡಿಮೆಯಾದರೆ ಅಳತೆಯನ್ನು ಮರೆತು ಕುಡಿದು ಆಂಬುಲೆನ್ಸ್ ನಂಬರ್ 101ಕ್ಕೆ ಫೋನ್ ಮಾಡಬೇಕು. ಉಳಿದೆಲ್ಲರಿಗೂ ಫೋನ್ ಮುಟ್ಟಬಾರದ ದಿನ ಅದು, ನಮ್ಮ ಮನೆಯ ಫೋನ್ ಮಾತ್ರ ಚಾರ್ಜ್ ಆಗಿ ತಲೆದಿಂಬಿನ ಬಳಿಯೇ ಇತ್ತು.

ಡ್ರಿಪ್ ಹಾಕಿಸಿಕೊಂಡು ಪೂರ್ತಿ ಉಪವಾಸ ಮಾಡಲೇ ಎಂದೂ ಕೇಳಿದ್ದೆ. ಹಾಗೆ ಮಾಡುವವರಿದ್ದಾರೆ. ರಬ್ಬಿಯವರು ನಕ್ಕರು. ದೇವರು ಗುಟುಕು ಕುಡಿ ಎಂದು ಅನುಮತಿ ಕೊಟ್ಟಿರುವಾಗ ಸೂಜಿ ಚುಚ್ಚಿಸಿಕೊಳ್ಳಬೇಕೆಂದು ಶಾಸ್ತ್ರ ಎಲ್ಲೂ ಹೇಳಿಲ್ಲ ಎಂದರು.

ಅಳತೆಯ ಕೆಲಸವನ್ನು ಹಬ್ಬಕ್ಕೆ ಮುಂಚೆಯೇ ಮುಗಿಸಬೇಕು. ಕೆನ್ನೆ ಒಬ್ಬೊಬ್ಬರದು ಒಂದೊಂದು ಗಾತ್ರ. ಅಡುಗೆಮನೆಯ ಸಿಂಕಿನ ಬಳಿ ನಿಂತು ಎರಡೂ ಕೆನ್ನೆ ಉಬ್ಬುವಂತೆ ಬಾಯಿ ತುಂಬ ನೀರು ತುಂಬಿಕೊಂಡು, ಒಂದು ಹನಿಯೂ ನುಂಗದೆ, ಗೆರೆಗಳಿರುವ ಅಳತೆ ಲೋಟಕ್ಕೆ ಉಗಿದೆ. ಮೊದಲ ಸಲ ಗಂಡನ ಮುಖ ನೋಡಿ ನಗು ಬಂದು ಗೋಡೆಯೆಲ್ಲ ಒದ್ದೆ. ಆಮೇಲೆ ಸರಿಯಾಗಿ ಬಂದದ್ದು 90 ಮಿಲಿಲೀಟರ್. ಅರ್ಧ ಮಾಡಿದರೆ 45, ಅದಕ್ಕಿಂತ ಕಡಿಮೆಯಿರಬೇಕು. ಪುಟ್ಟ ಪ್ಲಾಸ್ಟಿಕ್ ಲೋಟದಲ್ಲಿ 40ಕ್ಕೆ ಅಳಿಸದ ಶಾಯಿಯ ಪೆನ್ನಿನಿಂದ ಗೆರೆ ಎಳೆದೆ. ಆಹಾರಕ್ಕೆ 30 ಮಿಲಿಲೀಟರ್‌ಗಿಂತ ಕಡಿಮೆ. ಇದು ತೂಕವಲ್ಲ, ಗಾತ್ರ. ಬೇಯಿಸಿದ ಆಲೂಗಡ್ಡೆಯನ್ನು ಅದೇ ಲೋಟಕ್ಕೆ ಒತ್ತಿ ನೋಡಿ ಆ ಅಳತೆಯ ತುಂಡುಗಳನ್ನು ಮಾಡಿಟ್ಟೆ. ಚೀಸ್, ಖರ್ಜೂರ, ಬೇಯಿಸಿದ ಮೊಟ್ಟೆಯನ್ನೂ ಹಾಗೆಯೇ. ರೊಟ್ಟಿ ಬೇಡ, ಅದಕ್ಕೆ ಕೈ ತೊಳೆಯುವ ವಿಧಿಗಳು ಬೇರೆ ಅಂಟಿಕೊಳ್ಳುತ್ತವೆ. ಕುಡಿಯಲು ಬರೀ ನೀರಿಗಿಂತ ಹಾಲು, ನೀರು ಬೆರೆಸಿದ ದ್ರಾಕ್ಷಿ ರಸ ಇದ್ದರೆ ಒಂದೇ ಗುಟುಕಿನಲ್ಲಿ ಎರಡೂ ಕೆಲಸವಾಗುತ್ತದೆ. ಒಂಬತ್ತು ನಿಮಿಷಕ್ಕೆ 40ರಂತೆ ಗಂಟೆಗೆ ಸುಮಾರು ಕಾಲು ಲೀಟರ್ ಒಳಗೆ ಹೋಗುತ್ತದೆ. ಈ ಲೆಕ್ಕ ಕೇಳಿ ವೈದ್ಯೆಗೆ ಸಮಾಧಾನವಾಯಿತು. “ನೀವು ಮಾಮೂಲಿ ದಿನ ಇಷ್ಟು ಕುಡಿಯುವುದಿಲ್ಲ” ಎಂದರು. ನಿಜ.

ಹಬ್ಬದ ಬೆಳಿಗ್ಗೆ ಆಶೀರ್ವಚನ ಹೇಳಿ ಮೊದಲ ಗುಟುಕು ಕುಡಿದೆ. ಗಂಡ ಸಿನಗಾಗ್‌ಗೆ ಹೋಗದೆ ದೊಡ್ಡ ಮಗುವನ್ನು ನೋಡಿಕೊಂಡ. ಇಂಥ ಮನೆಯಲ್ಲಿ ಗಂಡಸಿನ ಆ ದಿನದ ಪ್ರಾರ್ಥನೆ ಅದೇ, ಇದರಲ್ಲಿ ನನಗೆ ರಾಜಿಯಿಲ್ಲ. ಆಯಿ ಬಿಳಿ ಸೀರೆ ಉಟ್ಟು ನನ್ನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡಳು. ಈ ಗುಟುಕಿನ ಏರ್ಪಾಡು ಅವಳಿಗೆ ಹಿಡಿಸಿರಲಿಲ್ಲ. “ಕುಡಿಯುವುದಾದರೆ ಕುಡಿ, ಬಿಡುವುದಾದರೆ ಬಿಡು, ಇದೇನು ಗುಬ್ಬಿಯ ಹಾಗೆ” ಎಂದು ಹಿಂದಿನ ದಿನವೆಲ್ಲ ಗೊಣಗಿದ್ದಳು. ಗಡಿಯಾರದ ಉಸ್ತುವಾರಿ ಸಿಕ್ಕಿದ್ದೇ ತಡ, ರಬ್ಬಿಯವರಿಗಿಂತ ಕಟ್ಟುನಿಟ್ಟಾದಳು. ನಾನು ಲೋಟಕ್ಕೆ ಕೈ ಚಾಚಿದರೆ “ತಡೆ, ಇನ್ನೂ ಎರಡು ನಿಮಿಷ ಇದೆ” ಎನ್ನುವಳು. ಕಣ್ಣು ಮುಚ್ಚಿದರೆ “ಏಳು, ಹೊತ್ತಾಯಿತು” ಎಂದು ಭುಜ ತಟ್ಟುವಳು.

ಇದು ಉಪವಾಸಕ್ಕಿಂತ ಸುಲಭ ಎಂದುಕೊಂಡಿದ್ದರೆ ತಿಳಿದಿರಲಿ: ಹಸಿವನ್ನು ಸ್ವಲ್ಪ ಹೊತ್ತು ಮರೆಯಬಹುದು, ಗಡಿಯಾರವನ್ನು ಮರೆಯುವಂತಿಲ್ಲ. ಪ್ರಾರ್ಥನೆಯ ಪುಸ್ತಕದಲ್ಲಿ ಒಂದು ಪುಟ ಹಿಡಿದು ಕೂರಲು ಆಗಲಿಲ್ಲ. 2018ರಲ್ಲಿ ಬಾಯಿ ಒಣಗಿದ್ದರೂ ಮನಸ್ಸು ಒಂದು ಕಡೆ ನಿಂತಿತ್ತು. ಈ ಸಲ ದಿನವಿಡೀ ಮಾಡಿದ್ದು ಅಳೆಯುವುದು, ಕಾಯುವುದು, ನುಂಗುವುದು. ಅದನ್ನೇ ಆ ದಿನದ ಸೇವೆ ಎಂದುಕೊಳ್ಳಲು ಮಧ್ಯಾಹ್ನವಾಗಬೇಕಾಯಿತು.

ಮಧ್ಯಾಹ್ನ ಹೊಟ್ಟೆ ಬಿಗಿಯಿತು. ಎಡ ಮಗ್ಗುಲಿಗೆ ಮಲಗಿ ಎಣಿಸಿದೆ; ಗಂಟೆಗೆ ಎರಡನ್ನು ದಾಟಲಿಲ್ಲ. ಆಗಿನಿಂದ ಗುಟುಕಿನ ಜೊತೆಗೆ ಆಹಾರದ ತುಂಡನ್ನೂ ಸೇರಿಸಿದೆ. ಆಹಾರ, ದ್ರವ ಎರಡರ ಲೆಕ್ಕ ಬೇರೆ ಬೇರೆ, ಒಂದೇ ಸುತ್ತಿನಲ್ಲಿ ಎರಡನ್ನೂ ತೆಗೆದುಕೊಳ್ಳಬಹುದು. ಹೊರಗೆ ವಾಹನಗಳಿಲ್ಲದ ಹೆದ್ದಾರಿಯಲ್ಲಿ ಮಕ್ಕಳ ಸೈಕಲ್ಲುಗಳ ಗಲಾಟೆ. ತುರ್ತು ಬಿದ್ದರೆ ಆಂಬುಲೆನ್ಸ್ ಈ ಸೈಕಲ್ಲುಗಳ ನಡುವೆ ಹೇಗೆ ಬರುತ್ತದೋ ಎಂಬ ಯೋಚನೆಯೂ ಬಂದುಹೋಯಿತು.

ತಿಂಡಿ ತೆಗೆಯಲು ಫ್ರಿಜ್ ಬಾಗಿಲು ತೆರೆದಾಗ ಆಯಿ ಉಪವಾಸ ಮುರಿಯಲೆಂದು ಮಾಡಿಟ್ಟ ಕರ್ಜಿಕಾಯಿಗಳ ಏಲಕ್ಕಿ ಘಮ ಬಂತು. ಬಸುರಿಯೊಬ್ಬಳು ಯೋಮ್ ಕಿಪ್ಪುರ್ ದಿನ ತಿನಿಸಿನ ವಾಸನೆಗೆ ಆಸೆಪಟ್ಟು ಹಪಹಪಿಸಿದರೆ ಅವಳ ಜೀವ ತಣಿಯುವವರೆಗೂ ತಿನ್ನಿಸಬೇಕೆಂದು ತಾಲ್ಮುದ್‌ನ ತಳಹದಿಯಾದ ಮಿಶ್ನಾದಲ್ಲೇ ಇದೆ. ಬಯಕೆ ಎಂದರೇನೆಂದು ನಮ್ಮ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ. ತಾಲ್ಮುದ್ ಇದಕ್ಕೆ ಕಥೆಯನ್ನೂ ಸೇರಿಸುತ್ತದೆ. ಅಂಥ ಒಬ್ಬಳ ಕಿವಿಯಲ್ಲಿ “ಇವತ್ತು ಯೋಮ್ ಕಿಪ್ಪುರ್” ಎಂದು ಪಿಸುಗುಟ್ಟಿದಾಗ ಅವಳ ಬಯಕೆ ಅಡಗಿತಂತೆ. ಹುಟ್ಟಿದ್ದು ಮಹಾಪಂಡಿತ ರಬ್ಬಿ ಯೋಹಾನಾನ್. ಇನ್ನೊಬ್ಬಳಿಗೆ ಪಿಸುಗುಟ್ಟಿದರೂ ಅಡಗಲಿಲ್ಲ. ಹುಟ್ಟಿದ್ದು ಶಬ್ಬೆತಾಯ್, ದವಸ ಬಚ್ಚಿಟ್ಟು ಬೆಲೆ ಏರಿಸಿದ ವ್ಯಾಪಾರಿ. ಈ ಕಥೆಯನ್ನು ಆಯಿಗೆ ಹೇಳಿದೆ. ಅವಳು ಫ್ರಿಜ್ ಬಾಗಿಲು ಮುಚ್ಚಿ, ನನ್ನ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿಯೇ ಬಿಟ್ಟಳು. ವ್ಯಾಪಾರಿ ಹುಟ್ಟುವುದು ಅವಳಿಗೆ ಬೇಕಿರಲಿಲ್ಲ.

ಕತ್ತಲಾದ ಮೇಲೆ ಮೊದಲು ನೀರು, ಆಮೇಲೆ ಕಪ್ಪು ಒಣದ್ರಾಕ್ಷಿಯ ಶರಬತ್ತು, ಅರ್ಧ ಗಂಟೆ ಬಿಟ್ಟು ಒಂದೇ ಒಂದು ಕರ್ಜಿಕಾಯಿ. ಅವಸರದಲ್ಲಿ ಕರಿದದ್ದನ್ನು ಹೊಟ್ಟೆಗೆ ಹಾಕಿದರೆ ಇಡೀ ದಿನದ ಜಾಗ್ರತೆ ವಾಂತಿಯಲ್ಲಿ ಹೋಗುತ್ತದೆ. ಮರುದಿನ, ಆಯಿಯ ಲೆಕ್ಕದಲ್ಲಿ ‘ಶಿಳಾ ಸಣ್’, ತಂಗಳ ಹಬ್ಬ. ದಾನ ಕೊಡುವ, ಬಂಧುಗಳನ್ನು ಕಾಣುವ ದಿನ. ನಾನು ಮೊದಲು ಕಂಡದ್ದು ವೈದ್ಯೆಯನ್ನು. ಎಲ್ಲವೂ ಸರಿಯಿತ್ತು. ಮಗಳು ಡಿಸೆಂಬರ್‌ನಲ್ಲಿ, ದಿನ ತುಂಬಿ ಹುಟ್ಟಿದಳು.

ಈಗ ಹಬ್ಬ ಹತ್ತಿರವಾದಾಗ ಬಸುರಿ ಗೆಳತಿಯರು ಆ ಗೆರೆ ಎಳೆದ ಲೋಟ ಕೇಳುತ್ತಾರೆ. ಕೊಡುವುದಿಲ್ಲ. ನಿಮ್ಮ ಕೆನ್ನೆಯನ್ನು ನೀವೇ ಅಳೆಯಿರಿ, ಅದಕ್ಕೂ ಮುಂಚೆ ವೈದ್ಯರು ‘ಒಳ್ಳೆಯದಲ್ಲ’ ಎಂದರೋ ‘ಕೂಡದು’ ಎಂದರೋ ಕೇಳಿಕೊಂಡು ಬನ್ನಿ ಎನ್ನುತ್ತೇನೆ. ಅವಳಿ ಮಕ್ಕಳಿದ್ದರೆ, ಬಸಿರಿನ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇದ್ದರೆ, ಹಿಂದೆ ಅವಧಿಗೆ ಮುಂಚೆ ಹೆರಿಗೆಯಾಗಿದ್ದರೆ, ರಬ್ಬಿಯವರ ಬಳಿಗೆ ಹೋಗುವಾಗ ವೈದ್ಯರ ಚೀಟಿಯೂ ಕೈಯಲ್ಲಿರಲಿ.