ಕಾಟಾ ಹಾಕಿ ಕೊಂಡ ಹಾಯಿದೋಣಿ

ಗೋವಾದ ಒಂದು ಹಿತ್ತಲು. ಮಾವಿನ ಕೊಂಬೆಗೆ ನಮ್ಮ ಅಂಗಡಿಯ ತೂಗುಕಾಟಾ ಕಟ್ಟಿದ್ದೆವು. ಅದರ ಕೊಕ್ಕೆಯಿಂದ ಎರಡು ಅಗಲ ಪಟ್ಟಿ ಇಳಿಬಿಟ್ಟು, ಹದಿನಾಲ್ಕು ಅಡಿಯ ಬಿಳಿ ದೋಣಿಯೊಂದನ್ನು ನೇತು ಹಾಕಿದ್ದೆವು. ಮಾರುವವರು ಕೈಕಟ್ಟಿ ನಿಂತು ನಗುತ್ತಿದ್ದರು. ದೋಣಿ ತೂಗಿ ಕೊಳ್ಳುವವರನ್ನು ಅವರು ಕಂಡೇ ಇರಲಿಲ್ಲವಂತೆ.

ಕಾಟಾ 78.5 ಕೆ.ಜಿ. ತೋರಿಸಿತು. ನನ್ನ ಜೊತೆ ಬಂದಿದ್ದ ಹಮಾಲ ಕಾಕಾ ಅದನ್ನು ತಿರುಗಿಯೂ ನೋಡಲಿಲ್ಲ. ದೋಣಿ ಎತ್ತುವಾಗಲೇ ಅವರು ಹೇಳಿಬಿಟ್ಟಿದ್ದರು. "ಸಾವ್ಕಾರ್ರ, ಇದರಾಗ ನೀರ ಐತ್ರಿ."

ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವನು. ನೀರು ಚಿಮುಕಿಸಿದ ಚೀಲ ಕಾಟಾದ ಮೇಲೆ ಚೆನ್ನಾಗಿ ತೂಗುತ್ತೆ, ಗೋದಾಮಿಗೆ ಹೋದ ಮೇಲೆ ಬೂಸ್ಟು ಹಿಡಿಯುತ್ತೆ. ಒಂದು ಹಿಡಿ ಕಾಯಿ ತಗೊಂಡು ಕಿವಿ ಹತ್ತಿರ ಅಲುಗಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನಬೇಕು. ಅನ್ನದಿದ್ದರೆ ಟೆಂಡರ್ ಬರೆಯೋರು, ಅಂದರೆ ರಾಶಿ ನೋಡಿ ಬೆಲೆ ಬರೆಯುವ ಖರೀದಿದಾರರು, ಮುಂದಿನ ರಾಶಿಗೆ ಹೋಗ್ತಾರೆ. ಇಷ್ಟು ವರ್ಷ ಇದನ್ನೇ ನೋಡಿಕೊಂಡು ಬಂದವನಿಗೆ ಹಳೇ ದೋಣಿ ಕೊಳ್ಳುವಾಗ ಕೈಹಿಡಿದದ್ದೂ ಇದೇ ಬುದ್ಧಿ.

ಹಾಯಿದೋಣಿಯ ಹುಚ್ಚು ಹತ್ತಿದ್ದು ಮಗನಿಂದ. ಅವನ ರಜೆಯಲ್ಲಿ ಗೋವಾಕ್ಕೆ ಹೋದಾಗ ಐದು ದಿನದ ತರಬೇತಿಗೆ ಇಬ್ಬರೂ ಸೇರಿದೆವು. ಅವನು ಎರಡನೇ ದಿನಕ್ಕೇ ಕಲಿತ. ನಾನು ಐದನೇ ದಿನವೂ ನೀರಿಗೆ ಬೀಳುತ್ತಿದ್ದೆ. ಆದರೆ ಇಂಜಿನ್ ಇಲ್ಲದೆ, ಸದ್ದಿಲ್ಲದೆ ದೋಣಿ ವಾಲಿಕೊಂಡು ಓಡುವಾಗಿನ ಆ ಜುಮ್ ಅನ್ನೋದು ಇದೆಯಲ್ಲ, ಅದು ಊರಿಗೆ ಬಂದ ಮೇಲೂ ಬಿಡಲಿಲ್ಲ. ಮನೆಯಲ್ಲಿ ಹೇಳಿದೆ. ಹೆಂಡತಿ ರೊಟ್ಟಿ ಬಡಿಯುತ್ತಾ ಕೇಳಿದಳು: "ಬ್ಯಾಡಗಿಯಾಗ ದೋಣಿ ಎಲ್ಲಿ ಬಿಡ್ತೀರಿ? ಮೆಣಸಿನಕಾಯಿ ರಾಶಿ ಮ್ಯಾಲೇನು?"

ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ದೋಣಿ ಯಾವುದು ಅನ್ನೋದಕ್ಕಿಂತ ಮೊದಲು, ಅದನ್ನು ಎಲ್ಲಿ ಇಡ್ತೀನಿ, ಯಾರು ಎತ್ತಿ ನೀರಿಗೆ ಇಳಿಸ್ತಾರೆ? ನಮ್ಮ ಅತ್ತಿಗೆಯ ತವರು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ದಂಡೆಯ ಮೇಲೆ. ಹಾನಗಲ್, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಬಂತು, ನಾಲ್ಕು ತಾಸಿನ ದಾರಿ. ಅವರ ತೆಂಗಿನ ತೋಟದ ಮೂಲೆಯಲ್ಲಿ ಜಾಗ ಸಿಕ್ಕಿತು. ನಮಗೆ ಟೆಂಡರ್ ಇರೋದು ಸೋಮವಾರ, ಗುರುವಾರ. ಶನಿವಾರ ಹೊರಟು ಭಾನುವಾರ ರಾತ್ರಿಗೆ ವಾಪಸ್ ಬರಬಹುದು.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ನಾನು ಮೊದಲು ನೋಡಲು ಹೋದದ್ದು ಇಪ್ಪತ್ತನಾಲ್ಕು ಅಡಿಯ ದೊಡ್ಡ ದೋಣಿಯನ್ನು! ಒಳಗೆ ಎರಡು ಹಾಸಿಗೆ, ಒಂದು ಒಲೆ, ಪುಟ್ಟ ಡೀಸೆಲ್ ಇಂಜಿನ್, ಕೆಳಗೆ ದೋಣಿ ಮಗುಚದ ಹಾಗೆ ತಳಕ್ಕೆ ಕೂರಿಸಿದ ಭಾರದ ಕೀಲ್. ಬೆಲೆ ಬರೀ ಮೂರು ಲಕ್ಷ. ಅಷ್ಟು ದುಡ್ಡಿಗೆ ಒಳ್ಳೆ ಹಳೇ ಕಾರೂ ಬರಲ್ಲ, ಅಲ್ವಾ?

ಹತ್ತಿ ನೋಡಿದೆ. ಹಾಯಿಕಂಬವನ್ನು ಎಳೆದು ಹಿಡಿಯುವ ಸ್ಟೀಲ್ ತಂತಿಯ ಮೇಲೆ ಒಂದು ಬಟ್ಟೆ ಚೂರು ಹಿಡಿದು ಕೆಳಗಿನಿಂದ ಮೇಲಕ್ಕೆ ಎಳೆದೆ. ಎರಡು ಕಡೆ ಬಟ್ಟೆ ಸಿಕ್ಕಿಕೊಂಡಿತು. ಅಂದರೆ ಎಳೆ ತುಂಡಾಗಿವೆ, ಪೂರಾ ತಂತಿ ಬದಲಿಸಬೇಕು. ಆ ತಂತಿಯ ಬುಡ ಡೆಕ್, ಅಂದರೆ ದೋಣಿಯ ಮೇಲ್ಹಾಸು, ತೂರಿ ಒಳಗಿನ ಪ್ಲೈವುಡ್ ಗೋಡೆಗೆ ಬೋಲ್ಟ್ ಆಗಿರುತ್ತೆ. ಅಲ್ಲಿ ಚಹಾ ಚೆಲ್ಲಿದ ಹಾಗೆ ಕಂದು ಕಲೆ. ಸ್ಕ್ರೂಡ್ರೈವರ್ ತುದಿ ಇಟ್ಟು ಮೆಲ್ಲಗೆ ಒತ್ತಿದರೆ ನೆನೆದ ರಸ್ಕಿನೊಳಗೆ ಹೋದ ಹಾಗೆ ಹೋಯಿತು. ಇಂಜಿನ್ ಎರಡು ಮಳೆಗಾಲದಿಂದ ತಿರುಗಿಯೇ ಇಲ್ಲ. ಇದೆಲ್ಲ ರಿಪೇರಿ ಆಯಿತು ಅಂತಲೇ ಇಟ್ಟುಕೊಳ್ಳಿ. ಕೀಲ್ ಇರುವ ದೋಣಿಯನ್ನು ಮನೆಗೆ ಒಯ್ಯಲು ಆಗಲ್ಲ. ಲಂಗರು ಹಾಕಿದ ಜಾಗಕ್ಕೆ ಬಾಡಿಗೆ, ಕಾಯಲು ಒಬ್ಬ ಮನುಷ್ಯ, ಪ್ರತಿ ಮಳೆಗಾಲದ ಮುಂಚೆ ಕ್ರೇನ್ ತಂದು ದಡಕ್ಕೆ ಎತ್ತಬೇಕು, ಕೆಳಗೆ ಚಿಪ್ಪು ಕಟ್ಟದ ಹಾಗೆ ವರ್ಷವರ್ಷ ಬಣ್ಣ ಬಳಿಯಬೇಕು. ಮೂರು ಲಕ್ಷ ಬರೀ ಮುಂಗಡ. ಜಾತ್ರೆಯಲ್ಲಿ ಮುದಿ ಎತ್ತು ಅಗ್ಗಕ್ಕೆ ಸಿಕ್ಕಿತು ಅಂತ ಹೊಡಕೊಂಡು ಬಂದ ಹಾಗೆ.

ಆಮೇಲೆ ಒಂದು ನಿಯಮ ಮಾಡಿಕೊಂಡೆ. ನಾನು ಮತ್ತು ಮಗ, ಇಬ್ಬರೇ ಎತ್ತಲಾಗದ ದೋಣಿ ಬೇಡ.

ಹಾಗೆ ಲೇಸರ್‌ಗೆ ಬಂದೆ. ಕೆನಡಾದ ಬ್ರೂಸ್ ಕಿರ್ಬಿ ವಿನ್ಯಾಸ ಮಾಡಿದ ದೋಣಿ, 1971ರಲ್ಲಿ ಮಾರುಕಟ್ಟೆಗೆ ಬಂತು. 4.23 ಮೀಟರ್ ಉದ್ದ, ಒಬ್ಬರೇ ಓಡಿಸೋದು, ಪುಟ್ಟ ಹುಡುಗರಿದ್ದರೆ ಜೊತೆಗೆ ಕೂರಿಸಿಕೊಳ್ಳಬಹುದು. ಕಂಬ ಎರಡು ತುಂಡು, ಒಂದರೊಳಗೊಂದು ಸಿಕ್ಕಿಸಬೇಕು. ಇದನ್ನೇ ಆರಿಸಿದ್ದಕ್ಕೆ ದೊಡ್ಡ ಕಾರಣ ಬಿಡಿಭಾಗ. 1996ರಿಂದ ಇದು ಒಲಿಂಪಿಕ್ಸ್‌ನಲ್ಲಿದೆ. ನಮ್ಮ ದೇಶದ ನೇತ್ರಾ ಕುಮನನ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿಸಿದ್ದು ಇದರದೇ ರೇಡಿಯಲ್, ಅಂದರೆ ನಡು ಅಳತೆಯ ಹಾಯಿಯದು. ಹೈದರಾಬಾದಿನ ಹುಸೇನ್ ಸಾಗರ, ಮುಂಬೈ, ಚೆನ್ನೈ, ಎಲ್ಲ ಕಡೆ ಸ್ಪರ್ಧೆಗೆ ಇವೇ ದೋಣಿ. ಸ್ಪರ್ಧಿಗಳು ಒಂದೆರಡು ಸೀಸನ್ ಬಳಸಿ ಬಿಟ್ಟ ಹಾಯಿ ನನ್ನಂಥವನಿಗೆ ಹೊಸದೇ. ಇನ್ನೊಂದು ಅನುಕೂಲ, ದೋಣಿ ಒಂದೇ, ಹಾಯಿ ಮೂರು ಅಳತೆ: 7.06, 5.76 ಮತ್ತು 4.7 ಚದರ ಮೀಟರ್. ಹುಡುಗನಿಗೆ ಚಿಕ್ಕದು ಹಾಕಿದರಾಯಿತು. ಈಗ ಇದರ ಅಧಿಕೃತ ಹೆಸರು ಐಎಲ್‌ಸಿಎ ಅಂತ ಆಗಿದೆ, ಆದರೆ ಹಳೇ ದೋಣಿ ಹುಡುಕುವವರು ಲೇಸರ್ ಅಂತಲೇ ಕೇಳಿ.

ಕಾರ್ಖಾನೆಯಿಂದ ಬರುವಾಗ ಈ ದೋಣಿಯ ಮೈ 59 ಕೆ.ಜಿ. ಹಳೇದಾದರೆ, ಅಲ್ಲಲ್ಲಿ ತೇಪೆ ಬಿದ್ದಿದ್ದರೆ ಎರಡು ಮೂರು ಕೆ.ಜಿ. ಜಾಸ್ತಿ ಇರಲಿ. ಮಾವಿನ ಮರಕ್ಕೆ ನೇತು ಹಾಕಿದ ದೋಣಿಯಲ್ಲಿ ಹತ್ತೊಂಬತ್ತೂವರೆ ಜಾಸ್ತಿ ಇತ್ತು. ಹಿಂದಿನ ಬಿರಡೆ ತೆಗೆದು ವಾಲಿಸಿದೆವು. ಅರ್ಧ ಚೊಂಬು ನೀರು ಬಂತು, ಅಷ್ಟೇ. ಉಳಿದದ್ದು ಎಲ್ಲಿ? ಇದರ ಡೆಕ್ ಎರಡು ಫೈಬರ್ ಪದರಗಳ ನಡುವೆ ಫೋಮ್ ಇಟ್ಟು ಮಾಡಿದ್ದು. ಸೀಳು ಬಿಟ್ಟ ಕಡೆಯಿಂದ ನೀರು ಹೊಕ್ಕರೆ ಆ ಫೋಮ್ ಕುಡಿದು ಕೂರುತ್ತೆ. ಡೆಕ್ ಕೊರೆದು, ಗುಂಡು ಮುಚ್ಚಳ ಕೂರಿಸಿ, ವಾರಗಟ್ಟಲೆ ಫ್ಯಾನ್ ಹಚ್ಚಿ ಒಣಗಿಸೋರಿದ್ದಾರೆ. ಆದರೆ ಅದು ಪೂರಾ ಒಣಗುತ್ತೆ ಅನ್ನೋ ಭರವಸೆ ಇಲ್ಲ. 60 ಸಾವಿರಕ್ಕೆ ಬಿಡ್ತೀನಿ ಅಂದರು. ಕೈಮುಗಿದು ಬಂದೆವು.

ಮೂರು ವಾರದ ಮೇಲೆ ಇನ್ನೊಂದು ಸಿಕ್ಕಿತು. ನಿವೃತ್ತರೊಬ್ಬರದು, ಶೆಡ್ಡಿನೊಳಗೆ ಮಗುಚಿ ಇಟ್ಟಿದ್ದರು. ನೋಡೋಕೆ ಮೊದಲಿನದಕ್ಕಿಂತ ಕುರೂಪಿ. ಬಣ್ಣ ಮಾಸಿದೆ, ಮೂತಿ ತರಚಿದೆ. ಕಾಟಾ 61.5 ಅಂದಿತು. ಕಾಕಾ ಬೆರಳಿನ ಗೆಣ್ಣಿನಿಂದ ಡೆಕ್ ಉದ್ದಕ್ಕೂ ಬಡಿಯುತ್ತಾ ಹೋದರು, ಟಕ್, ಟಕ್, ಟಕ್. ಕೂರುವ ಜಾಗದ ಬಲಗಡೆ ಒಂದು ಅಂಗೈಯಷ್ಟು ಕಡೆ ಮಾತ್ರ ಡಬ್ ಅಂದಿತು. ಅಲ್ಲಿ ಪದರ ಬಿಟ್ಟಿದೆ. ಚಾಕ್‌ಪೀಸಿನಿಂದ ಗೆರೆ ಹಾಕಿ ಇಟ್ಟೆ, ಬೆಲೆ ಮಾತಾಡುವಾಗ ತೋರಿಸಲು.

ಇನ್ನು ಈ ದೋಣಿಯ ಮರ್ಮಸ್ಥಾನ ಅಂದರೆ ಕಂಬ ಕೂರುವ ತೂತು. ಗಾಳಿಯ ಭಾರವೆಲ್ಲ ಬೀಳೋದು ಅಲ್ಲಿ. ಆ ತೂತಿನ ತುಂಬ ನೀರು ಸುರಿದು, ಪೆನ್ಸಿಲಿನಿಂದ ಗುರುತು ಹಾಕಿ, ಚಹಾ ಕುಡಿಯುತ್ತಾ ಹದಿನೈದು ನಿಮಿಷ ಕೂತೆವು. ನೀರು ಕೂದಲೆಳೆಯಷ್ಟೂ ಇಳಿಯಲಿಲ್ಲ. ಇಳಿದರೆ ತಳ ಸೀಳಿದೆ ಅಂತ ಅರ್ಥ. ಅಂಥ ದೋಣಿಯಲ್ಲಿ ಒಂದು ದಿನ ಜೋರು ಗಾಳಿಗೆ ಕಂಬ ಡೆಕ್ ಸಮೇತ ಕಿತ್ತುಕೊಂಡು ಬರಬಹುದು. ಆಮೇಲೆ ಕೂರುವ ಗುಂಡಿಯೊಳಗಿನ ಗಾಳಿತೂತಿಗೆ ಟೇಪ್ ಹಚ್ಚಿ, ಅಂಚಿನ ಜೋಡಣೆಗೆಲ್ಲ ಸೋಪು ನೀರು ಸವರಿ, ಬಿರಡೆಯ ತೂತಿನಿಂದ ಬಾಯಲ್ಲೇ ಗಾಳಿ ಊದಿದೆ. ಪಂಚರ್ ಅಂಗಡಿಯವರು ಟ್ಯೂಬ್ ನೋಡೋ ಹಾಗೆ. ಕಂಪ್ರೆಸರ್ ಹಚ್ಚಲು ಹೋಗಬೇಡಿ, ಜೋಡಣೆಯೇ ಬಿಟ್ಟುಹೋಗುತ್ತೆ. ನೀರು ಹೊರಹಾಕುವ ಬೈಲರ್ ಹತ್ತಿರ ಎರಡೇ ಎರಡು ಗುಳ್ಳೆ ಬಂದವು.

ಹಾಯಿ ಬಿಡಿಸಿ ನೋಡಿದೆ. ಒಳ್ಳೆ ಹಾಯಿ ಹೊಸ ನೋಟಿನ ಹಾಗೆ ಗರಿಗರಿ ಇರಬೇಕು. ಇದು ಒಗೆದೊಗೆದು ಸೋತ ಧೋತರ. ಹಾಯಿಯ ನಂಬರೂ ದೋಣಿಯ ಹಿಂಬದಿಯ ನಂಬರೂ ಬೇರೆ ಬೇರೆ, ಅಂದರೆ ಹಾಯಿ ಬೇರೆ ಯಾವುದೋ ದೋಣಿಯದು. ಕಲಿಯೋಕೆ ಸಾಕು ಅಂತ ಸುಮ್ಮನಾದೆ.

1,15,000 ಕೇಳಿದರು. ನಮ್ಮಲ್ಲಿ ಟೆಂಡರ್ ಬರೆದ ಮೇಲೆ ಚೌಕಾಶಿ ಇಲ್ಲ, ಹಾಗಾಗಿ ನನಗೆ ಎದುರಾಬದುರು ಕೂತು ಬೆಲೆ ಮಾಡೋದು ಬರಲ್ಲ. ಚಾಕ್‌ಪೀಸಿನ ಗೆರೆ, ಸೋತ ಹಾಯಿ, ಬೈಲರ್ ಮೂರನ್ನೂ ತೋರಿಸಿದೆ. 90,000ಕ್ಕೆ ಮುಗಿಯಿತು. ಬಾಂಡ್ ಪೇಪರ್ ಮೇಲೆ ದೋಣಿಯ ನಂಬರ್ ಸಮೇತ ಬರೆಸಿಕೊಂಡೆ.

ಬೊಲೆರೊ ಪಿಕಪ್‌ಗೆ ಬಿದಿರು ಕಟ್ಟಿ, ಹಳೇ ಗೋಣಿಚೀಲ ಹಾಸಿ, ದೋಣಿ ಮಗುಚಿ ತಂದೆವು. ನೀರಿಗೆ ಇಳಿಸುವ ಕೈಗಾಡಿಯನ್ನು ನಮ್ಮ ಚೀಲದ ಗಾಡಿ ಮಾಡುವ ವೆಲ್ಡಿಂಗ್‌ನವರೇ ಮಾಡಿಕೊಟ್ಟರು. ಡೆಕ್ ರಿಪೇರಿಗೆ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಬಸ್ಸಿನ ಫೈಬರ್ ಕೆಲಸ ಮಾಡುವವರೊಬ್ಬರ ಹತ್ತಿರ ಎರಡು ದಿನ ಕೂತು ಕಲಿತೆ. ಫೈಬರ್ ಅಂಟಿಸುವ ರೆಸಿನ್‌ಗೆ ಮೊದಲು ಅದು ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ಕಲೆಸಿ, ಆಮೇಲೆ ಹಾರ್ಡನರ್. ಕೋಬಾಲ್ಟ್, ಹಾರ್ಡನರ್ ಎರಡನ್ನೂ ನೇರವಾಗಿ ಎಂದೂ ಬೆರೆಸಬಾರದು, ಸಿಡಿಯುತ್ತೆ. ಅವರು ಇದನ್ನು ಮೂರು ಸಲ ಹೇಳಿದರು, ಹಾಗಾಗಿ ನಾನೂ ಹೇಳ್ತಿದ್ದೇನೆ.

ಮೊದಲ ದಿನವೇ ಮರ್ಯಾದೆ ಹೋಯಿತು. ಅಘನಾಶಿನಿಯಲ್ಲಿ ಭರತ ಇಳಿತ ಎಷ್ಟು ಬೇಗ ಅಂತ ಬಯಲುಸೀಮೆಯವನಿಗೇನು ಗೊತ್ತು? ತಿರುಗಿ ಬರುವಷ್ಟರಲ್ಲಿ ಕೆಳಗಿನ ಹಲಗೆ ಕೆಸರಿಗೆ ಕಚ್ಚಿತು, ದೋಣಿ ನಿಂತೇ ಬಿಟ್ಟಿತು. ಬಳಚು ಚಿಪ್ಪು ಆರಿಸುತ್ತಿದ್ದ ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ನನ್ನ ಪಕ್ಕದಿಂದಲೇ ನಡೆದು ಹೋದರು. "ನೀರ್ ಬರೂಕೆ ಇನ್ನೂ ಎರಡು ತಾಸದೆ, ಕೂತ್ಕಳಿ," ಅಂದರು ಒಬ್ಬರು. ಕೂತೆ.

ದುಬಾರಿ ತಪ್ಪು ಬೇರೆ. ಕಂಬದ ಮೇಲಿನ ತುಂಡಿನಲ್ಲಿ, ಎರಡೂ ತುಂಡು ಸೇರುವಲ್ಲಿ, ಪ್ಲಾಸ್ಟಿಕ್ ಬಳೆಯನ್ನು ಹಿಡಿದಿಡುವ ಒಂದು ರಿವೆಟ್ ಇದೆ. ಕೊಳ್ಳುವಾಗಲೇ ಅದರ ಸುತ್ತ ಸುಣ್ಣದಂಥ ಬಿಳಿ ಪುಡಿ ಕಂಡಿದ್ದೆ. ಉಗುರಿನಿಂದ ಕೆರೆದು, ಉಪ್ಪು ಅಂತ ಒರೆಸಿಬಿಟ್ಟೆ. ಅದು ಅಲ್ಯೂಮಿನಿಯಂ ತಿಂದುಹೋದ ಪುಡಿ. ಬೇರೆ ಜಾತಿಯ ಲೋಹದ ರಿವೆಟ್, ಅದಕ್ಕೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಒಳಗೊಳಗೇ ಸವೆಯುತ್ತೆ. ಎರಡನೇ ತಿಂಗಳು, ಮಧ್ಯಾಹ್ನದ ಕಡಲಗಾಳಿ ಏರಿದ ಹೊತ್ತಿನಲ್ಲಿ ಪಟ್ ಅಂತ ಒಂದು ಸದ್ದು. ನೋಡಿದರೆ ಕಂಬ ಆ ರಿವೆಟ್ಟಿನ ತೂತಿಗೆ ಸರಿಯಾಗಿ ಮುರಿದು, ಹಾಯಿ ನನ್ನ ತಲೆ ಮೇಲೆ. ಮೀನಿನ ದೋಣಿಯವರು ಎಳೆದು ತಂದರು. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ, ಮುಂದಿನ ವಾರ ಎರಡು ಕಿಲೊ ಕಡ್ಡಿ ಮೆಣಸಿನಕಾಯಿ ಕೊಟ್ಟು ಬಂದೆ.

ದೋಣಿ 90,000, ಪಿಕಪ್ 9,000, ಕೈಗಾಡಿ 5,500, ರೆಸಿನ್ ಮತ್ತು ಫೈಬರ್ ಮ್ಯಾಟ್ 4,000, ಹಗ್ಗಗಳು 6,000, ಎರಡು ಲೈಫ್ ಜಾಕೆಟ್ 3,500, ಮುರಿದ ಕಂಬದ ಬದಲಿಗೆ ಬಳಸಿದ್ದೊಂದು 18,000. ಒಟ್ಟು 1,36,000. ಬಿಳಿ ಪುಡಿ ನೋಡಿದಾಗಲೇ ಬಾಯಿ ಬಿಟ್ಟಿದ್ದರೆ ಆ ಹದಿನೆಂಟು ಸಾವಿರ ಬೆಲೆಯಲ್ಲೇ ಇಳಿಯುತ್ತಿತ್ತು.

ಮಳೆಗಾಲದಲ್ಲಿ ದೋಣಿ ತೋಟದಲ್ಲಿ ಮಗುಚಿ ಮಲಗಿರುತ್ತೆ, ಬಿರಡೆ ತೆಗೆದು, ತೆಂಗಿನಕಾಯಿ ಬೀಳದ ಜಾಗ ನೋಡಿ. ಅಕ್ಟೋಬರ್‌ನಲ್ಲಿ ನೀರಿಗೆ ಇಳಿಸುವ ಮೊದಲು ಕಾಕಾನನ್ನೂ ಕಾಟಾವನ್ನೂ ಕರೆದುಕೊಂಡು ಹೋಗ್ತೀನಿ. ಕಳೆದ ಸಲ 62 ಬಂತು. ರಿಪೇರಿಗೆ ಹಾಕಿದ ರೆಸಿನ್ ತೂಕ ಅಂತ ನಾನು, ಬೈಲರ್ ಸೋರ್ತದ ಅಂತ ಕಾಕಾ. ಈ ಭಾನುವಾರ ಬೈಲರ್ ಬಿಚ್ಚಿ ನೋಡಬೇಕು.